ಬೆರಳ ತುದಿಯ ಬೆಂಬಲ

‘ಬೆಂಬಲ’ ಎಂಬುದು ಕನ್ನಡದ ಅಚ್ಚುಕಟ್ಟಾದ ಮಾತುಗಳಲ್ಲಿ ಒಂದು. ಬೆನ್ನಿಗೆ ನಿಂತವರ ಬಲ ಎಂದು ಅದರ ಅರ್ಥ. ನಾಲ್ಕು ಜನರ ಕೆಲಸಕ್ಕೆ ಸಂಬಂಧಿಸಿದ ನಮ್ಮ ಹಳೆಯ ಮಾತುಗಳನ್ನು ಎಣಿಸಿ ನೋಡಿದರೆ ಅವುಗಳಲ್ಲಿ ಬಹುಪಾಲು ಮೈಯ ಅವಯವಗಳಿಂದಲೇ ಹುಟ್ಟಿದುವೆಂಬುದು ತಿಳಿಯುತ್ತದೆ: ಹೆಗಲು ಕೊಡುವುದು, ಕೈಜೋಡಿಸುವುದು, ಟೊಂಕ ಕಟ್ಟುವುದು, ಎದೆಗೊಟ್ಟು ನಿಲ್ಲುವುದು. ಈ ಭಾಷೆಯನ್ನು ಬೆಳೆಸಿದ ಜನ, ಮೈ ದಣಿಯದೆ ಊರ ಕೆಲಸ ಆದೀತೆಂದು ಭಾವಿಸಿರಲಿಲ್ಲವೆಂದು ತೋರುತ್ತದೆ. ಹಿಂದಿನ ವರ್ಷ ಬಿ.ಎ. ತರಗತಿಯಲ್ಲಿ ಪದರಚನೆಯ ಪಾಠ ಹೇಳುತ್ತ ಈ ಮಾತನ್ನು ಆಡಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ಈಗ ಬೆಂಬಲಕ್ಕೆ ಬೆನ್ನು ಬೇಡ, ಬೆರಳು ಸಾಕು” ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮಾತು ಚೆನ್ನಾಗಿತ್ತು, ಗಂಟೆಯೂ ಹೊಡೆಯಿತು. ಆದರೆ ಕೆಲವು ತಿಂಗಳಲ್ಲಿಯೇ ಆ ನಗೆ ನನ್ನ ಕಡೆಗೆ ತಿರುಗಿ ನಿಲ್ಲುವ ಪ್ರಸಂಗ ಒದಗಿತು. ಈ ಲೇಖನಕ್ಕೆ ಅದೇ ಕಾರಣ.

ನಾನು ಪಾಠ ಹೇಳುವುದು ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ. ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಸುತ್ತಲಿನ ಹಳ್ಳಿಗಳಿಂದ ಬರುವವರು. ಅವರಲ್ಲಿಯೂ ಹೆಣ್ಣುಮಕ್ಕಳೇ ಹೆಚ್ಚು. ಊರಿನ ಮೂಡಲ ದಾರಿಯಲ್ಲಿ ಐದು ಹಳ್ಳಿಗಳಿವೆ. ಆ ಕಡೆಗೆ ಸಂಜೆ ಐದು ಗಂಟೆಗೆ ಹೊರಡುತ್ತಿದ್ದ ಬಸ್ಸು ಆಗಸ್ಟ್ ತಿಂಗಳ ಒಂದು ಸೋಮವಾರ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಮುಂದಿನ ಬಸ್ಸು ಏಳೂವರೆಗೆ. ಕೊನೆಯ ಹಳ್ಳಿಯ ಹುಡುಗಿ ಬಸ್ಸಿಳಿಯುವಾಗ ಎಂಟೂಕಾಲು ಗಂಟೆ. ಅಲ್ಲಿಂದ ಮುಂದೆ ತೋಟದ ನಡುವೆ ದೀಪವಿಲ್ಲದ ದಾರಿ. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಕಾಸು ಕೊಡದೆ ಪ್ರಯಾಣ ಮಾಡಬಹುದಾಗಿದೆ. ಇದು ಸಣ್ಣ ಸೌಲಭ್ಯವೇನೂ ಅಲ್ಲ. ನನ್ನ ತರಗತಿಗೆ ಕೆಲವು ಮುಖಗಳನ್ನು ತಂದುಕೊಟ್ಟುದೇ ಅದು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಟಿಕೆಟ್ಟಿಗೆ ಬೆಲೆಯಿಲ್ಲದಿದ್ದರೇನು, ಬಸ್ಸೇ ಇಲ್ಲದ ಮೇಲೆ? ದಸರೆಯ ರಜೆ ಮುಗಿದು ಕಾಲೇಜು ತೆರೆದಾಗ ಇಬ್ಬರು ಹುಡುಗಿಯರು ಬರಲಿಲ್ಲ. ವಿಚಾರಿಸಿದರೆ, “ಕತ್ತಲಾಗುತ್ತದೆ, ಓದಿದ್ದು ಸಾಕು ಎಂದರಂತೆ ಸರ್” ಎಂದು ಗೆಳತಿಯರು ಹೇಳಿದರು.

ಆಗ ಕೊನೆಯ ವರ್ಷದ ವಿದ್ಯಾರ್ಥಿಗಳು ಕೂಡಿ ಎರಡು ನಿಮಿಷದ ವೀಡಿಯೊ ಒಂದನ್ನು ತಯಾರಿಸಿದರು. ಅದರಲ್ಲಿ ಬಸ್‌ ನಿಲ್ದಾಣವಿತ್ತು, ಕತ್ತಲೆಯಿತ್ತು, ಪುಸ್ತಕವನ್ನು ಎದೆಗವುಚಿಕೊಂಡು ನಿಂತ ಹುಡುಗಿಯಿದ್ದಳು. ಹಿನ್ನೆಲೆಯ ಕೊಳಲೂ ಹದವಾಗಿತ್ತು. ‘ಸಂಜೆಯ ಬಸ್ಸು ಬಿಡಿ’ ಎಂಬ ಹ್ಯಾಷ್‌ಟ್ಯಾಗಿನೊಡನೆ ಅದನ್ನು ಜಾಲತಾಣಕ್ಕೆ ಏರಿಸಿದರು. ಮೂರು ದಿನದೊಳಗೆ ನಲವತ್ತು ಸಾವಿರಕ್ಕೆ ಮಿಕ್ಕಿ ಜನ ಅದನ್ನು ನೋಡಿದರು. ದುಬೈಯಲ್ಲಿರುವ ನಮ್ಮ ಊರಿನವರು ಮರುಗಿದರು, ಅಮೆರಿಕದಲ್ಲಿರುವವರು ಕನಲಿದರು. ನಾನೂ ಅದನ್ನು ಹಂಚಿಕೊಂಡೆ. ಮೇಲೆ ನಾಲ್ಕು ಸಾಲು ಬರೆದೆ. ಅದರಲ್ಲಿ ಒಂದು ಉಪಮೆಯೂ ಇತ್ತು. ಇನ್ನೂರು ಮಂದಿ ಮೆಚ್ಚಿದರು. ಆ ರಾತ್ರಿ ಕರ್ತವ್ಯ ಮಾಡಿ ಮುಗಿಸಿದವನಿಗೆ ಬರುವಂಥ ನಿದ್ರೆ ಬಂದಿತು.

ಐದನೆಯ ದಿನ, ದೂರನ್ನು ದಾಖಲಿಸಿಕೊಳ್ಳಲಾಗಿದೆ ಎಂಬ ಉತ್ತರವೂ ಒಂದು ಸಂಖ್ಯೆಯೂ ಬಂದುವು. ಮುಂದಿನ ವಾರ ಬಸ್ಸೇ ಬಂದಿತು. ವಿದ್ಯಾರ್ಥಿಗಳು ಬಸ್ಸಿಗೆ ಹಾರ ಹಾಕಿ ಕಾಯಿ ಒಡೆದರು. ಆ ದಿನ ಕೊನೆಯ ಪಿರಿಯಡ್ಡಿಗೆ ತರಗತಿಯಲ್ಲಿ ಯಾರೂ ಇರಲಿಲ್ಲ. ‘ಗೆದ್ದೆವು’ ಎಂಬ ಒಂದೇ ಮಾತಿನೊಡನೆ ಹಾರ ಹಾಕಿದ ಬಸ್ಸಿನ ಚಿತ್ರ ಊರೆಲ್ಲ ಹರಿದಾಡಿತು. ಒಂಬತ್ತು ದಿನ ಬಸ್ಸು ಓಡಿತು. ಹತ್ತನೆಯ ದಿನ ಬರಲಿಲ್ಲ. ಹುಡುಗರು ಮತ್ತೊಂದು ವೀಡಿಯೊ ಮಾಡಿದರು. ಈ ಸಲ ಅದನ್ನು ನೋಡಿದವರು ಆರುನೂರು ಮಂದಿಯೂ ಇಲ್ಲ. ಗೆದ್ದ ಮೇಲೆ ಮತ್ತೇಕೆ ಅಳು ಎಂದು ಜನಕ್ಕೆ ಅನ್ನಿಸಿರಬೇಕು. ಆ ಹೊತ್ತಿಗೆ ಜಾಲಕ್ಕೆ ಬೇರೆ ಕಣ್ಣೀರು ಒದಗಿತ್ತು.

ಇದು ಒಂದು ಸಣ್ಣ ಊರಿನ ಸಣ್ಣ ಸಂಗತಿ. ಇದನ್ನೇ ಲಕ್ಷಗಟ್ಟಲೆ ಜನರ ನಡುವೆ ಅಳೆದು ನೋಡಿದವರಿದ್ದಾರೆ. ಆಫ್ರಿಕಾದ ಸುಡಾನ್ ದೇಶದ ದಾರ್ಫುರ್ ಪ್ರಾಂತದಲ್ಲಿ 2003ರಿಂದ ನಡೆದ ಹತ್ಯಾಕಾಂಡದ ಸುದ್ದಿ ಲೋಕವನ್ನು ಕಲಕಿದಾಗ, ದಾರ್ಫುರನ್ನು ಉಳಿಸಬೇಕೆಂಬ ಬಳಗವೊಂದು ಫೇಸ್‌ಬುಕ್ಕಿನಲ್ಲಿ ಹುಟ್ಟಿಕೊಂಡಿತು. ಸೇರಿದವರು ಸುಮಾರು ಹನ್ನೆರಡು ಲಕ್ಷ ಮಂದಿ. ಅವರೆಲ್ಲರ ನಡೆಯನ್ನು ಪರಿಶೀಲಿಸಿ ಕೆವಿನ್ ಲೂಯಿಸ್ ಮತ್ತು ಅವರ ಸಂಗಡಿಗರು 2014ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಸೇರಿದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಮಂದಿ ಒಂದು ಕಾಸನ್ನೂ ಕೊಟ್ಟಿರಲಿಲ್ಲ. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಮತ್ತೊಬ್ಬರನ್ನು ಕರೆತಂದಿರಲಿಲ್ಲ. ಕೂಡಿದ ಹಣ ಒಂದು ಲಕ್ಷ ಡಾಲರಿನ ಆಸುಪಾಸು. ಹನ್ನೆರಡು ಲಕ್ಷದಿಂದ ಭಾಗಿಸಿದರೆ ತಲಾ ಹತ್ತು ಸೆಂಟೂ ಬೀಳದು.

ಈ ಅಂಕಿಗಳನ್ನು ಓದಿ ನಗುವುದು ಸುಲಭ. ಆದರೆ ಆ ಹನ್ನೆರಡು ಲಕ್ಷ ಮಂದಿ ಕಪಟಿಗಳೆಂದು ನನಗೆ ತೋರುವುದಿಲ್ಲ. ಹೆಸರು ಸೇರಿಸಿದ ಆ ಕ್ಷಣದಲ್ಲಿ ಅವರ ಮನಸ್ಸು ನೊಂದಿದ್ದುದು ನಿಜವೇ ಇರಬೇಕು, ನನ್ನದು ನೊಂದಿದ್ದಂತೆ. ತೊಡಕು ಇರುವುದು ಬೇರೆಡೆ. ನಮ್ಮ ಹಳ್ಳಿಗಳಲ್ಲಿ ‘ಮುಯ್ಯಾಳು’ ಎಂಬ ಪದ್ಧತಿಯಿತ್ತು. ಕೆಲವೆಡೆ ಇಂದಿಗೂ ಉಂಟು. ಇವತ್ತು ನಿನ್ನ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನಾಡಿದ್ದು ನನ್ನ ಗದ್ದೆಗೆ ನೀನು ಬರಬೇಕು. ಕೂಲಿಯಿಲ್ಲ, ಕಾಗದವಿಲ್ಲ, ಆದರೆ ಲೆಕ್ಕವಿದೆ. ಯಾರು ಯಾರಿಗೆ ಎಷ್ಟು ಆಳಿನ ಮುಯ್ಯಿ ತೀರಿಸಬೇಕೆಂಬುದು ಊರಿಗೆಲ್ಲ ಗೊತ್ತು. ಬಾರದೆ ತಪ್ಪಿಸಿಕೊಂಡವನು ಮುಂದಿನ ವರ್ಷ ನಾಟಿಗೆ ಒಬ್ಬನೇ ನಿಂತಿರುತ್ತಾನೆ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರನ್ನು ಕಟ್ಟಿಹಾಕುತ್ತಿದ್ದುದು ಈ ಋಣ. ಜಾಲದಲ್ಲಿ ಒಂದು ಲೈಕನ್ನು ಒತ್ತಿದ ನನಗೂ ಬಸ್ಸಿಗೆ ಕಾದು ನಿಂತ ಹುಡುಗಿಗೂ ನಡುವೆ ಯಾವ ಮುಯ್ಯಿ ಹುಟ್ಟಿತು? ಮರುದಿನ ನಾನು ಬಾರದಿದ್ದರೆ ಕೇಳುವವರು ಯಾರು? ಹೆಸರನ್ನು ಸೇರಿಸುವುದಕ್ಕೆ ಎಷ್ಟು ಶ್ರಮವೋ ಕೈಬಿಡುವುದಕ್ಕೂ ಅಷ್ಟೇ ಶ್ರಮ. ಒಳಗೆ ಬರಲು ಹೊಸ್ತಿಲಿಲ್ಲದ ಮನೆಯಲ್ಲಿ ಹೊರಗೆ ಹೋಗುವಾಗಲೂ ಎಡವುವುದಿಲ್ಲ.

ಹಾಗೆಂದು, ಜಾಲದಿಂದ ಏನೂ ಆಗದು, ಇಂದಿನ ತರುಣರು ಮೊಬೈಲಿನಲ್ಲಿ ಮುಳುಗಿಹೋದರು ಎಂದು ಹಲುಬುವವರ ಸಾಲಿಗೆ ನಾನು ಸೇರಲಾರೆ. ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ನಮ್ಮ ಕೈಯಲ್ಲಿ ಮೊಬೈಲು ಇರಲಿಲ್ಲ. ಅದರಿಂದ ಉಳಿದ ಹೊತ್ತಿನಲ್ಲಿ ನಾವು ದೇಶವನ್ನೇನೂ ಕಟ್ಟಲಿಲ್ಲ, ಕ್ರಿಕೆಟ್ಟು ನೋಡಿದೆವು. ಜಾಲದ ಕರೆ ಬೀದಿಗೆ ಇಳಿದಾಗ ಏನಾಗಬಲ್ಲುದೆಂಬುದನ್ನು 2016ರಲ್ಲಿ ಬೆಂಗಳೂರು ತೋರಿಸಿತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರು ಉದ್ದದ ಉಕ್ಕಿನ ಮೇಲ್ಸೇತುವೆ. ವೆಚ್ಚ 1,791 ಕೋಟಿ ರೂಪಾಯಿ. ಅದಕ್ಕಾಗಿ ಕಡಿಯಬೇಕಾದ ಮರಗಳು 812. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಕೂಗು ಮೊದಲು ಜಾಲದಲ್ಲಿ ಎದ್ದಿತು. ಅಕ್ಟೋಬರ್ 16ರ ಭಾನುವಾರ ಬೆಳಗ್ಗೆ ಸಾವಿರಾರು ಮಂದಿ ಅದೇ ರಸ್ತೆಯ ಪಕ್ಕದಲ್ಲಿ ಕೈ ಕೈ ಹಿಡಿದು ಸಾಲಾಗಿ ನಿಂತರು. ಅದೇ ತಿಂಗಳ ಕೊನೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆಯಾಜ್ಞೆ ಕೊಟ್ಟಿತು. 2017ರ ಮಾರ್ಚ್ ತಿಂಗಳ ಆರಂಭದಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಇಲ್ಲಿ ಗೆದ್ದುದು ಜಾಲವೋ, ಕೈ ಹಿಡಿದು ನಿಂತ ಜನವೋ, ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದವರ ಕಾಗದಪತ್ರಗಳೋ ಎಂದು ಬಿಡಿಸಿ ಹೇಳುವುದು ಕಷ್ಟ. ಮೂರರಲ್ಲಿ ಒಂದೇ ಇದ್ದಿದ್ದರೆ ಸಾಲದಾಗುತ್ತಿತ್ತು ಎಂದು ಮಾತ್ರ ನನ್ನ ಎಣಿಕೆ. ಸರ್ಕಾರಗಳ ನೆನಪೂ ಅಷ್ಟು ಬೇಗ ಅಳಿಯುವುದಿಲ್ಲ. 2019ರ ಜನವರಿಯಲ್ಲಿ ಆ ಸೇತುವೆಯ ಮಾತು ಮತ್ತೆ ಎದ್ದಿತು.

ಇದರ ಜೊತೆಯಲ್ಲೇ ಇನ್ನೊಂದನ್ನು ಇಟ್ಟು ನೋಡಬೇಕು. ಆ ವರ್ಷದ ಕೊನೆಯಲ್ಲಿಯೇ ಬೆಂಗಳೂರಿನ ನಾಗರಿಕರು ‘ಚುಕುಬುಕು ಬೇಕು’ ಎಂದು ಉಪನಗರ ರೈಲಿಗಾಗಿ ಕೂಗು ಎಬ್ಬಿಸಿದರು. ಅದೇ ಜನ, ಅದೇ ಜಾಲ, ಅದೇ ಉತ್ಸಾಹ. ಯೋಜನೆಗೆ ಕೇಂದ್ರದ ಒಪ್ಪಿಗೆ ದೊರೆತದ್ದು 2020ರ ಅಕ್ಟೋಬರಿನಲ್ಲಿ. ಶಂಕುಸ್ಥಾಪನೆಯಾದುದು 2022ರ ಜೂನಿನಲ್ಲಿ. ಇದನ್ನು ಬರೆಯುವ ಹೊತ್ತಿಗೆ ರೈಲು ಇನ್ನೂ ಓಡಿಲ್ಲ. ‘ಬೇಡ’ ಎಂಬುದು ಅರ್ಧ ವರ್ಷದಲ್ಲಿ ಗೆದ್ದಿತು. ‘ಬೇಕು’ ಎಂಬುದು ಹತ್ತು ವರ್ಷ ನಡೆಯುತ್ತಿದೆ. ಬೇಡವೆಂಬುದಕ್ಕೆ ಒಂದು ದೊಡ್ಡ ದನಿ ಸಾಕಾಗಬಹುದು. ಬೇಕೆಂಬುದಕ್ಕೆ ಎಷ್ಟು ಬೇಕು, ಎಲ್ಲಿಗೆ ಬೇಕು, ಎಷ್ಟು ಗಂಟೆಗೆ ಬೇಕು, ಯಾರ ಜಮೀನು ಹೋಗುತ್ತದೆ, ಯಾವ ಕಡತ ಯಾರ ಮೇಜಿನ ಮೇಲಿದೆ ಎಂಬುದೆಲ್ಲ ಬೇಕು. ಜಾಲಕ್ಕೆ ದನಿ ಇದೆ, ತಾಳ್ಮೆ ಇಲ್ಲ.

ತಾಳ್ಮೆ ಇದ್ದಲ್ಲಿ ಅದೇ ಮೊಬೈಲು ಎಂಥ ಉಪಕಾರ ಮಾಡಿತೆಂಬುದನ್ನು 2021ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಕಂಡವರು ಮರೆಯಲಾರರು. ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಆಮ್ಲಜನಕದ ಸಿಲಿಂಡರು, ಆಸ್ಪತ್ರೆಯ ಹಾಸಿಗೆ ಎಲ್ಲಿ ಸಿಗುತ್ತದೆಂಬ ಪಟ್ಟಿಗಳು ಸಾವಿರಗಟ್ಟಲೆ ಹರಿದಾಡಿದುವು. ಅವುಗಳಲ್ಲಿ ಹಲವು ಸುಳ್ಳು, ಹಲವು ಹಳಸಿದುವು. ಕಳವಳದಿಂದ ಮುಂದೆ ಕಳುಹಿಸಿದವರು ಲಕ್ಷ ಮಂದಿ. ಆದರೆ ಆಗ ನಿಜವಾಗಿ ಜೀವ ಉಳಿಸಿದ ತರುಣರು, ಪಟ್ಟಿಯಲ್ಲಿನ ಒಂದೊಂದು ಸಂಖ್ಯೆಗೂ ತಾವೇ ಫೋನು ಮಾಡಿ, ಇದೆಯೇ ಇಲ್ಲವೇ ಎಂದು ಕೇಳಿ, ಇಂಥ ಹೊತ್ತಿಗೆ ಪರಿಶೀಲಿಸಿದೆ ಎಂದು ಬರೆದವರು. ಹತ್ತು ಫೋನಿಗೆ ಒಂಬತ್ತು ಬಾರಿ ಇಲ್ಲವೆಂಬ ಉತ್ತರ ಕೇಳಿ ಮತ್ತೆ ಹತ್ತಕ್ಕೆ ಫೋನು ಮಾಡುವ ಕೆಲಸ ಅದು. ಅಲ್ಲಿ ಬೆರಳೂ ದುಡಿಯಿತು, ಬೆನ್ನೂ ದುಡಿಯಿತು.

ಬಸ್ಸಿನ ಮಾತಿನಿಂದ ಪ್ರಾರಂಭ ಮಾಡಿದುದರಿಂದ ಮತ್ತೊಂದು ಬಸ್ಸಿನ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಿದರೆ ಓದುಗರು ಸಹಿಸಬೇಕು. ಅಮೆರಿಕದ ಮಾಂಟ್‌ಗೊಮರಿ ನಗರದಲ್ಲಿ 1955ರ ಡಿಸೆಂಬರ್ 1ರ ಸಂಜೆ, ಬಿಳಿಯನಿಗೆ ಬಸ್ಸಿನ ಸೀಟು ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆಯನ್ನು ಪೊಲೀಸರು ಹಿಡಿದರು. ಇಷ್ಟು ಎಲ್ಲರಿಗೂ ಗೊತ್ತು. ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಹೆಸರು ಜೋ ಆನ್ ರಾಬಿನ್‌ಸನ್ ಅವರದು. ಆಕೆ ಅಲ್ಲಿನ ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿ. ಆ ರಾತ್ರಿ ಆಕೆ ಕಾಲೇಜಿಗೆ ಹೋಗಿ, ಸಹೋದ್ಯೋಗಿಯೊಬ್ಬರ ಮತ್ತು ಇಬ್ಬರು ವಿದ್ಯಾರ್ಥಿಗಳ ನೆರವಿನಿಂದ, ಬರುವ ಸೋಮವಾರ ಬಸ್ಸು ಹತ್ತಬೇಡಿ ಎಂಬ ಕರಪತ್ರವನ್ನು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಬೆಳಗಿನ ಜಾವದವರೆಗೆ ತೆಗೆದರು. ಹತ್ತಾರು ಸಾವಿರ ಪ್ರತಿಗಳು. ಆಮೇಲೆ ಅವನ್ನು ಯಾವ ದಾರಿಯಲ್ಲಿ ಯಾರು ಯಾರಿಗೆ ಮುಟ್ಟಿಸಬೇಕೆಂದು ಕುಳಿತು ಗುರುತು ಹಾಕಿಕೊಂಡರು. ಬೆಳಗ್ಗೆ ತರಗತಿಯ ಪಾಠ ಮುಗಿಸಿ, ಹಂಚಲು ಹೊರಟರು.

ಒಂದೇ ರಾತ್ರಿಯಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿಸಿದುದನ್ನು ನೋಡಿದರೆ, ಇಂದಾಗಿದ್ದರೆ ಒಂದು ವಾಟ್ಸ್‌ಆ್ಯಪ್ ಸಂದೇಶದಲ್ಲಿ ಮುಗಿಯುತ್ತಿತ್ತಲ್ಲ ಎನ್ನಿಸುತ್ತದೆ. ನಿಜ, ಸುದ್ದಿ ಮುಟ್ಟುತ್ತಿತ್ತು. ಆದರೆ ಕರಪತ್ರದ ಕಟ್ಟು ಶಾಲೆ, ಅಂಗಡಿ, ಕ್ಷೌರದಂಗಡಿಗಳ ಬಾಗಿಲಲ್ಲಿ ಇಳಿದಾಗ ಅದನ್ನು ತೆಗೆದುಕೊಳ್ಳಲು ಅಲ್ಲಿ ಒಬ್ಬರು ನಿಂತಿದ್ದರು. ರಾಬಿನ್‌ಸನ್ ಅಧ್ಯಕ್ಷೆಯಾಗಿದ್ದ ಮಹಿಳಾ ರಾಜಕೀಯ ಮಂಡಳಿ ವರ್ಷಗಳಿಂದ ಆ ಊರಿನಲ್ಲಿ ಕೆಲಸ ಮಾಡಿತ್ತು. 1954ರ ಮೇ ತಿಂಗಳಲ್ಲಿಯೇ ಆಕೆ ನಗರದ ಮೇಯರಿಗೆ ಪತ್ರ ಬರೆದು, ಬಸ್ಸುಗಳಲ್ಲಿ ನಡತೆ ತಿದ್ದಿಕೊಳ್ಳದಿದ್ದರೆ ಬಹಿಷ್ಕಾರವಾದೀತೆಂದು ಎಚ್ಚರಿಸಿದ್ದರು. ಆ ರಾತ್ರಿಯ ಕೆಲಸಕ್ಕೆ ಹಿಂದಿನ ಸಾವಿರ ಸಂಜೆಗಳ ಕೆಲಸ ಹಿನ್ನೆಲೆಯಾಗಿತ್ತು. ಮುಂದಿನದೂ ಅಷ್ಟೆ. ಬಹಿಷ್ಕಾರ ನಡೆದುದು 381 ದಿನ. ಅಷ್ಟು ದಿನ ಸಾವಿರಾರು ಜನ ಕೆಲಸಕ್ಕೆ ಹೋಗಬೇಕು, ಬರಬೇಕು. ಸುಮಾರು ಮುನ್ನೂರು ಕಾರುಗಳು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಪೆಟ್ರೋಲಿಗೆ ಹಣ ಎಲ್ಲಿಂದ, ಯಾವ ಕಾರು ಕೆಟ್ಟಿದೆ, ಬದಲಿ ಯಾವುದು. ಕಾರು ಸಿಗದವರು ಮೈಲಿಗಟ್ಟಲೆ ನಡೆದರು. ಅವರ ಸಭೆಗಳ ಭಾಷಣಗಳು ಇತಿಹಾಸಕ್ಕೆ ಸೇರಿವೆ. ಆದರೆ ದಿನ ಬೆಳಗಾದರೆ ಕಾರುಗಳ ಪಟ್ಟಿಯನ್ನು ಹಿಡಿದು ನಿಲ್ಲುವವರು ಇಲ್ಲದಿದ್ದರೆ ಮೊದಲ ವಾರದಲ್ಲಿಯೇ ಜನ ಬಸ್ಸು ಹತ್ತುತ್ತಿದ್ದರು. ಸುಪ್ರೀಂ ಕೋರ್ಟಿನ ತೀರ್ಪು ಬಂದು, 1956ರ ಡಿಸೆಂಬರ್ 20ರಂದು ಬಹಿಷ್ಕಾರ ನಿಂತಿತು.

ಟರ್ಕಿ ಮೂಲದ ಸಮಾಜವಿಜ್ಞಾನಿ ಜೈನೆಪ್ ತುಫೆಕ್ಚಿ, ಈ ಕಾಲದ ಚಳುವಳಿಗಳನ್ನು ಕುರಿತು 2017ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದೇ ಕಡೆಗೆ ಬೆರಳು ಮಾಡುತ್ತಾರೆ. ಹಿಂದಿನವರಿಗೆ ಜನರನ್ನು ಸೇರಿಸುವುದೇ ಕಷ್ಟವಾಗಿತ್ತು. ಆ ಕಷ್ಟಪಡುವಾಗಲೇ ಒಬ್ಬರನ್ನೊಬ್ಬರು ನಂಬುವುದನ್ನೂ, ಜಗಳವಾಡಿ ಮತ್ತೆ ಒಂದಾಗುವುದನ್ನೂ, ದಾರಿ ಬದಲಾಯಿಸುವುದನ್ನೂ ಅವರು ಕಲಿತಿರುತ್ತಿದ್ದರು. ಈಗ ಜನ ಮೊದಲ ದಿನವೇ ಸೇರುತ್ತಾರೆ, ಕಲಿಯಬೇಕಾದುದು ಎರಡನೆಯ ದಿನಕ್ಕೆ ಉಳಿಯುತ್ತದೆ. ಎರಡನೆಯ ದಿನ ಜನ ಇರುವುದಿಲ್ಲ.

ಮಾಂಟ್‌ಗೊಮರಿ ದೂರವಾಯಿತೆನ್ನುವವರಿಗೆ ಶಿರಸಿಯ ಸಾಲ್ಕಣಿ ಇದೆ. 1983ರ ಸೆಪ್ಟೆಂಬರ್ 8ರಂದು ಅಲ್ಲಿನ ಹಳ್ಳಿಗಳ ಜನ ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳುವಳಿಯೆಂದು ಹೆಸರಾದ ಆ ಕಾರ್ಯದಲ್ಲಿ ಯುವಕ ಮಂಡಳಿಯವರು ಮೊದಲು ಇಲಾಖೆಗೆ ಮನವಿ ಬರೆದಿದ್ದರು. ಮನವಿಯಿಂದ ಕೊಡಲಿ ನಿಲ್ಲಲಿಲ್ಲವಾಗಿ ನಡೆದೇ ಹೊರಟರು. ಮಲೆನಾಡಿನ ಸೆಪ್ಟೆಂಬರಿನ ಕಾಡೆಂದರೆ ಮಳೆ, ಉಂಬಳ. ಒಂದು ದಿನವಲ್ಲ, 38 ದಿನ ಸರದಿಯ ಮೇಲೆ ಕಾಡು ಕಾದರೆಂದು ಚಳುವಳಿಯ ಚರಿತ್ರೆ ಹೇಳುತ್ತದೆ. ಸರದಿ ಎಂಬ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದರ ಪ್ರಸಕ್ತಿ ಕೊನೆಯಲ್ಲಿ ಮತ್ತೆ ಬರುತ್ತದೆ.

ತರುಣರಿಗೆ ಇದನ್ನೆಲ್ಲ ಕಲಿಸಬೇಕಾದವರು ನಾವು. ನಾವು ಏನನ್ನು ಕಲಿಸಿದ್ದೇವೆ? ಗಾಂಧಿ ಶತಾಬ್ದಿಯ ವರ್ಷವಾದ 1969ರಲ್ಲಿ, ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆ ಪ್ರಾರಂಭವಾಯಿತು. ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಹಳ್ಳಿಯಲ್ಲಿ ಏಳು ದಿನದ ಶಿಬಿರವೊಂದು. ಆಶಯ ಉದಾತ್ತವಾದುದು. ನಾನೂ ನಾಲ್ಕು ವರ್ಷ ಅದರ ಹೊಣೆ ಹೊತ್ತಿದ್ದೆ. ಆದ್ದರಿಂದ ಹೇಳುವ ಧೈರ್ಯ ಮಾಡುತ್ತೇನೆ: ಆ ಗಂಟೆಗಳನ್ನು ನಾವು ತುಂಬಿಸಿದುದು ಹೆಚ್ಚಾಗಿ ಪುಸ್ತಕದಲ್ಲಿ. ಶಿಬಿರದ ಉದ್ಘಾಟನೆಗೆ ಒಂದು ದಿನ, ಸಮಾರೋಪಕ್ಕೆ ಒಂದು ದಿನ. ನಡುವೆ ಕಲ್ಯಾಣಿಯ ಹೂಳೆತ್ತಲು ಎರಡು ಬೆಳಗು. ಈಚೆಗೆ ಕಾಲೇಜುಗಳಿಗೆ ದರ್ಜೆ ಕೊಡುವ ಮೌಲ್ಯಮಾಪನ ಬಂದ ಮೇಲೆ, ಪ್ರತಿಯೊಂದು ಕಾರ್ಯಕ್ರಮಕ್ಕೂ ಸ್ಥಳದ ಗುರುತು ಮೂಡಿದ ಫೋಟೋ ಇರಬೇಕೆಂದಾಯಿತು. ಸಸಿ ನೆಡುವಾಗ, “ಒಂದು ನಿಮಿಷ ಹಾಗೇ ಹಿಡಿದಿರಿ” ಎಂದು ನಾನೇ ಹೇಳಿದ್ದೇನೆ. ಸಸಿ ಮಣ್ಣಿಗೆ ಇಳಿಯುವ ಮೊದಲು ಫೋಟೋಕ್ಕೆ ಇಳಿಯಿತು. ಬೇಸಗೆಯಲ್ಲಿ ಆ ಗುಂಡಿಯ ಬಳಿ ನೀರು ಹಿಡಿದು ಹೋದವರ ಫೋಟೋವನ್ನು ಯಾರೂ ಕೇಳಲಿಲ್ಲ, ಹೋದವರೂ ಇರಲಿಲ್ಲ. ಕೆಲಸಕ್ಕಿಂತ ಕೆಲಸದ ಚಿತ್ರ ದೊಡ್ಡದೆಂದು ಹೀಗೆ ವಿಧಿವತ್ತಾಗಿ ಬೋಧಿಸಿದ ನಾವು, ಹುಡುಗರು ಚಿತ್ರ ತೆಗೆದು ತೃಪ್ತಿಪಟ್ಟರೆಂದು ಯಾವ ಮುಖದಿಂದ ದೂರುವುದು?

ಇನ್ನು ಬಸ್ಸಿನ ಕಥೆಯ ಉಳಿದ ಭಾಗ. ಡಿಸೆಂಬರ್ ತಿಂಗಳಲ್ಲಿ ಒಂದು ದಿನ, ವೀಡಿಯೊದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳದಿದ್ದ ಹುಡುಗಿಯೊಬ್ಬಳು ಅಧ್ಯಾಪಕರ ಕೊಠಡಿಗೆ ಬಂದಳು. ಕೈಯಲ್ಲಿ ಗೆರೆ ಹಾಕಿದ ನೋಟುಪುಸ್ತಕ. ಬಸ್ಸು ಮತ್ತೆ ನಿಂತ ದಿನದಿಂದ ಆಕೆ ಪ್ರತಿ ಸಂಜೆ ನಿಲ್ದಾಣದಲ್ಲಿ, ಮೂಡಲ ದಾರಿಗೆ ಕಾದವರು ಎಷ್ಟು ಮಂದಿ, ಯಾವ ಹಳ್ಳಿಗೆ, ಎಷ್ಟು ಗಂಟೆಯಿಂದ ಕಾದಿದ್ದಾರೆ ಎಂದು ಬರೆದಿಟ್ಟಿದ್ದಳು. 26 ಸಂಜೆಗಳ ಲೆಕ್ಕ.

“ಸರ್, ನಾಳೆ ನಮ್ಮ ಜೊತೆ ಡಿಪೋಗೆ ಬರುತ್ತೀರಾ? ದೊಡ್ಡವರು ಒಬ್ಬರಿದ್ದರೆ ಮಾತನಾಡಿಸುತ್ತಾರೆ.”

“ನಾಳೆ ಉತ್ತರಪತ್ರಿಕೆಗಳ ಕೆಲಸ ಇದೆಯಲ್ಲಮ್ಮಾ. ನೀವು ಹೋಗಿ ಬನ್ನಿ. ಬೇಕಾದರೆ ನಾನು ಇನ್ನೊಂದು ಸಲ ಬರೆದು ಹಾಕುತ್ತೇನೆ.”

“ಆಗಲಿ ಸರ್” ಎಂದು ಹೊರಟುಹೋದಳು. ಉತ್ತರಪತ್ರಿಕೆಗಳ ಕೆಲಸ ಇದ್ದುದು ಸುಳ್ಳಲ್ಲ. ಅರ್ಧ ದಿನ ರಜೆ ಕೇಳಿದ್ದರೆ ಸಿಗುತ್ತಿತ್ತೆಂಬುದೂ ಸುಳ್ಳಲ್ಲ. ರಾಬಿನ್‌ಸನ್ ಅವರ ಇರುಳನ್ನು ಕುರಿತು ಬರೆಯುವಾಗ ನನ್ನ ಕೈ ಸ್ವಲ್ಪ ತಡೆದುದು ಇದರಿಂದಲೇ.

ಆಕೆ ತನ್ನ ಅಜ್ಜಿಯನ್ನೂ, ಇಬ್ಬರು ಗೆಳತಿಯರನ್ನೂ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಇಬ್ಬರು ಹೆಂಗಸರನ್ನೂ ಕರೆದುಕೊಂಡು ಹೋದಳಂತೆ. ಮೊದಲ ದಿನ ಅಧಿಕಾರಿ ಇರಲಿಲ್ಲ. ಎರಡನೆಯ ದಿನ ಎರಡು ಗಂಟೆ ಕಾದು ಹಿಂತಿರುಗಿದರು. ಮೂರನೆಯ ದಿನ ಆತ ಪುಸ್ತಕವನ್ನು ತೆಗೆದುಕೊಂಡು ಪುಟ ಮಗುಚಿದರು. ದಿನಕ್ಕೆ ಸರಾಸರಿ 41 ಮಂದಿ. ಅವರಲ್ಲಿ ವಿದ್ಯಾರ್ಥಿಗಳು 19 ಮಾತ್ರ. ಉಳಿದವರು ಗಾರ್ಮೆಂಟ್ಸಿನ ಹೆಂಗಸರು, ಆಸ್ಪತ್ರೆಗೆ ಬಂದು ಹಿಂತಿರುಗುವ ಮುದುಕರು, ಸಂತೆಯ ದಿನ ಸೊಪ್ಪು ಮಾರಿ ಬರಿದಾದ ಬುಟ್ಟಿ ಹೊತ್ತು ನಿಂತವರು. ನಮ್ಮ ವೀಡಿಯೊದಲ್ಲಿ ಇವರಲ್ಲಿ ಒಬ್ಬರೂ ಇರಲಿಲ್ಲ. ಅಧಿಕಾರಿ ತಮ್ಮ ಲೆಕ್ಕವನ್ನೂ ತೆಗೆಸಿ ನೋಡಿದರು. ಹಾರ ಹಾಕಿಸಿಕೊಂಡ ಬಸ್ಸು ಓಡಿದ ಒಂಬತ್ತು ದಿನಗಳಲ್ಲಿ, ಮೊದಲ ದಿನವೊಂದನ್ನು ಬಿಟ್ಟರೆ, ಹತ್ತಿದವರು ಏಳೆಂಟು ಮಂದಿ.

“ನಾಲ್ಕೂ ಹತ್ತಕ್ಕೆ ಬಸ್ಸು ಬಿಟ್ಟೆವಲ್ಲಮ್ಮ. ಯಾರೂ ಹತ್ತಲಿಲ್ಲ. ಖಾಲಿ ಬಸ್ಸನ್ನು ಎಷ್ಟು ದಿನ ಓಡಿಸುವುದು?”

“ಕಾಲೇಜು ಬಿಡುವುದು ನಾಲ್ಕೂವರೆಗೆ ಸಾರ್. ಗಾರ್ಮೆಂಟ್ಸ್ ಬಿಡುವುದು ಐದಕ್ಕೆ.”

“ಇದನ್ನು ಯಾರೂ ಹೇಳಲಿಲ್ಲವಲ್ಲ!” ಎಂದರಂತೆ ಆತ.

ನಲವತ್ತು ಸಾವಿರ ಜನ ನೋಡಿದ್ದೆವು, ಯಾರೂ ಹೇಳಲಿಲ್ಲ. ‘ಸಂಜೆಯ ಬಸ್ಸು ಬಿಡಿ’ ಎಂದು ಕೇಳಿದೆವು. ಸಂಜೆಯ ಬಸ್ಸನ್ನು ಬಿಟ್ಟರು. ಎಷ್ಟು ಗಂಟೆಗೆಂದು ಕೇಳಲು ನಮಗೆ ತೋಚಲಿಲ್ಲ, ತಿಳಿದುಕೊಳ್ಳಲು ಅವರಿಗೆ ತೋಚಲಿಲ್ಲ. ಬಸ್ಸು ನಾಲ್ಕೂ ಹತ್ತಕ್ಕೆ ಹೊರಡುತ್ತಿದೆಯೆಂಬುದು, ಆ ಹೊತ್ತಿನಲ್ಲಿ ಅದೇ ಕಾಲೇಜಿನಲ್ಲಿ ಕೊನೆಯ ಪಿರಿಯಡ್ಡಿನ ಪಾಠ ಹೇಳುತ್ತಿದ್ದ ನನಗೂ ತಿಳಿದಿರಲಿಲ್ಲ.

ಚಾಲಕರ ಪಾಳಿಯನ್ನು ಹೊಂದಿಸಿ ಜನವರಿಯಿಂದ ಬಸ್ಸನ್ನು ಐದೂ ಐದಕ್ಕೆ ಬಿಟ್ಟರು. ಕಾಲೇಜು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬಳು ಹಿಂತಿರುಗಿ ಬಂದಳು. ಇನ್ನೊಬ್ಬಳ ಮದುವೆ ಮಾಘಮಾಸದಲ್ಲಿ ಆಯಿತು; ಕರೆಯೋಲೆ ನನಗೂ ಬಂದಿತ್ತು.

ನೋಟುಪುಸ್ತಕದ ಹುಡುಗಿ ಈ ವರ್ಷ ಪದವಿ ಮುಗಿಸಿದಳು. ಹೋಗುವಾಗ ಪುಸ್ತಕವನ್ನು ಎರಡನೆಯ ವರ್ಷದ ಹುಡುಗಿಯೊಬ್ಬಳಿಗೆ ಒಪ್ಪಿಸಿದಳು. ಆಕೆ ಅದರ ಮೊದಲ ಹಾಳೆಯಲ್ಲಿ ಆರು ದಿನಗಳ ಸರದಿಯನ್ನು ಬರೆದಿದ್ದಾಳೆ. ಬೆರಳು ಸಾಕೆಂದ ಹುಡುಗನಿಗೆ ಬುಧವಾರ ಬಿದ್ದಿದೆ. ಶನಿವಾರದ ಮುಂದೆ ನನ್ನ ಹೆಸರಿದೆ, ಕೇಳಿ ಬರೆದದ್ದಲ್ಲ. ಕಳೆದ ಶನಿವಾರ ಬಸ್ಸು ಏಳು ನಿಮಿಷ ತಡವಾಗಿ ಬಂದಿತು. ಹತ್ತಿದವರು 38 ಮಂದಿ.